ತಗಡಿನ ಆಕಾಶ

ಜೂನ್ 14

ಅಕ್ಕಾ,

ಬಾಗಿಲು ಮುಚ್ಚಿತು, ನಾನೀಗ ಒಳಗಿದ್ದೇನೆ. ಬಸ್ ನಿಲ್ದಾಣದಲ್ಲಿ ನೀನು ಬೈಯುತ್ತಲೇ ನನ್ನ ಚೀಲಕ್ಕೆ ತುರುಕಿದ ಬನಿಯನ್, ಕೆಮ್ಮಿನ ಔಷಧಿ, ನಿನ್ನ ವಿಳಾಸ ಬರೆದ ಲಕೋಟೆಗಳು ಎಲ್ಲ ಭದ್ರವಾಗಿವೆ. ಇನ್ನು ಕೆಲಸಕ್ಕೆ ಬರುವುದು ಲಕೋಟೆ ಮಾತ್ರ. ಫೋನು, ಕೈಗಡಿಯಾರ ಎರಡನ್ನೂ ಎಲ್ಲರೂ ಗೇಟಿನಲ್ಲಿ ಒಂದು ಪೆಟ್ಟಿಗೆಗೆ ಹಾಕಿ ಬಂದಿದ್ದೇವೆ. ಆ ನಿಯಮ ಸೂಚಿಸಿದವನು ನಾನೇ. ಗಡಿಯಾರ ಎಂಬುದು ಲೋಕದ ಕಾವಲುಗಾರರು ನಮಗೆ ತೊಡಿಸಿದ ಕೈಕೋಳ ಎಂದು ನನ್ನ ಕರಪತ್ರದಲ್ಲಿದೆ. ನೀನು ಓದಿಲ್ಲ, ಗೊತ್ತು.

ಇದು ಹಿಂದೆ ರೈಲು ಡಬ್ಬಿ ದುರಸ್ತಿ ಮಾಡುತ್ತಿದ್ದ ಶೆಡ್ಡು. ಒಳಗೆ ಸಿನಿಮಾಕ್ಕೆಂದು ಇಡೀ ಒಂದು ಬೀದಿ ಕಟ್ಟಿದ್ದಾರೆ. ಎರಡು ಸಾಲು ಮನೆ, ಹೊಲಿಗೆ ಅಂಗಡಿ, ಬ್ರೆಡ್ಡಿನ ಅಂಗಡಿ, ನಡುವೆ ಬಾವಿ. ಮೇಲೆ ತಗಡಿನ ಆಕಾಶ, ಅದರ ಉದ್ದಕ್ಕೂ ಒಂದು ಕಂಬಿ, ಕಂಬಿಯ ಮೇಲೆ ಸೂರ್ಯ. ದೊಡ್ಡ ದೀಪ, ಅಷ್ಟೇ. ಅದನ್ನು ಎಳೆಯುವವನನ್ನು ಎಲ್ಲರೂ ದೀಪದಣ್ಣ ಅನ್ನುತ್ತಾರೆ. "ಬೆಳಗ್ಗೆ ಏಳೋಕೆ ಬೇಜಾರಾದ್ರೆ ನಂಗೊಂದು ಮಾತು ಹೇಳಪ್ಪಾ, ಸ್ವಲ್ಪ ತಡವಾಗಿ ಹುಟ್ಟಿಸ್ತೀನಿ" ಎಂದು ಮೊದಲ ದಿನವೇ ನನ್ನನ್ನು ನಗಿಸಿದ.

ಚಿತ್ರದ ಕಥೆ ಇದು. ದೂರದ ಗ್ರಹ, ಲೋಹದ ಆಕಾಶದ ಕೆಳಗೊಂದು ಪಟ್ಟಣ. ಪಟ್ಟಣವನ್ನು ಕಟ್ಟಿದ ಯಂತ್ರ "ನನ್ನ ಹೊರತು ಇನ್ನಾರೂ ಇಲ್ಲ" ಎಂದು ದಿನವೂ ಧ್ವನಿವರ್ಧಕದಲ್ಲಿ ಸಾರುತ್ತದೆ. ಜನ ನಂಬಿದ್ದಾರೆ. ಆದರೆ ಪ್ರತಿಯೊಬ್ಬರ ಮೈಯೊಳಗೂ ಆಚೆಯ ಬೆಳಕಿನ ಒಂದು ಕಿಡಿ ಸಿಕ್ಕಿಕೊಂಡಿದೆ. ಅದನ್ನು ನೆನಪಿಸಲು ಆಚೆಯಿಂದ ಒಬ್ಬ ಬರುತ್ತಾನೆ, ಎಚ್ಚರಿಸುವವನು.

ಇದನ್ನು ಬರೀ ಕಟ್ಟುಕಥೆ ಎಂದು ತಳ್ಳಬೇಡ. ಬಹಳ ಹಿಂದೆ ಕೆಲವರು ಹೀಗೇ ನಂಬಿದ್ದರು. ಈ ಲೋಕವನ್ನು ಮಾಡಿದವನು ಪರಮದೇವರಲ್ಲ, ತನ್ನ ಮೇಲೊಬ್ಬನಿದ್ದಾನೆಂದು ಕಾಣದ ಕುರುಡ, ಕೆಳದರ್ಜೆಯ ಕಸುಬುದಾರ. ಬಿಡುಗಡೆ ಭಕ್ತಿಯಿಂದಲ್ಲ, ಅರಿವಿನಿಂದ. ಅವರ ಬಾಯಿ ಮುಚ್ಚಿಸಿದರು. ಆ ಮಾತು ಎಲ್ಲಿ ಅಡಗಿತು ಗೊತ್ತೇ? ವಿಜ್ಞಾನದ ಸಿನಿಮಾಗಳಲ್ಲಿ. ಆಕಾಶ ಒಂದು ಮುಚ್ಚಳ ಎಂದು ಕಂಡುಕೊಳ್ಳುವ ಗಗನಯಾತ್ರಿ, ತನ್ನ ನೆನಪೆಲ್ಲ ಯಾರೋ ತುಂಬಿದ್ದು ಎಂದು ತಿಳಿಯುವ ಯಂತ್ರಮಾನವ, ಇವರೆಲ್ಲ ಯಾರೆಂದುಕೊಂಡೆ? ಕತ್ತಲಲ್ಲಿ ಕೂತು ಕುರುಕಲು ತಿನ್ನುವ ಜನದ ಕಿವಿಗೆ ಅವರಿಗೇ ಗೊತ್ತಿಲ್ಲದೆ ಆ ಹಳೆಯ ಕರೆ ಬೀಳುತ್ತಿದೆ.

ನಿರ್ದೇಶಕರನ್ನು ಇಲ್ಲಿ ಯಜಮಾನರು ಅನ್ನುತ್ತೇವೆ. ಚಿತ್ರಮಂದಿರದ ಹೊರಗೆ ನಾನು ಹಂಚುತ್ತಿದ್ದ ಕರಪತ್ರ ಓದಿ ಅವರೇ ನನ್ನನ್ನು ಹುಡುಕಿಸಿದ್ದು. "ನನಗೆ ನಟ ಬೇಡ, ನಂಬೋನು ಬೇಕು" ಎಂದು ಎಚ್ಚರಿಸುವವನ ಪಾತ್ರ ಕೊಟ್ಟು, ಬಾಗಿಲಿನ ಕೀಲಿಕೈಯನ್ನು ನನ್ನ ಕೊರಳಿಗೇ ಹಾಕಿದರು. ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ. ಊಟ, ಅಂಚೆ ಎಲ್ಲ ಗೋಡೆಯ ಕಿಂಡಿಯಿಂದ. ನವೆಂಬರ್ ಕೊನೆಗೆ ಕಡೆಯ ದೃಶ್ಯ. ನಾನು ಬಾಗಿಲು ತೆರೆಯುತ್ತೇನೆ, ಎಲ್ಲರೂ ನಿಜವಾದ ಸೂರ್ಯನ ಕೆಳಗೆ ಹೆಜ್ಜೆ ಇಡುತ್ತಾರೆ. ಅಲ್ಲಿಯವರೆಗೆ ಯಾರೂ ಹೊರಗೆ ಹೋಗುವಂತಿಲ್ಲ. ಆ ಕ್ಷಣದ ಮುಖಗಳು ಯಜಮಾನರಿಗೆ ಬೇಕು.

ನಿನ್ನ ಕಸುಬಿಗೆ ಸಂಬಂಧಪಟ್ಟ ಒಂದು ಸುದ್ದಿ: ಹೊಲಿಗೆ ಅಂಗಡಿಯಲ್ಲಿ ಕೂರುವವಳು ಮೂರು ತಿಂಗಳ ಬಸುರಿ. ಹೆರಿಗೆಗೆ ಮೊದಲೇ ಚಿತ್ರೀಕರಣ ಮುಗಿಯುತ್ತದೆಂದು ಯಜಮಾನರು ಮಾತು ಕೊಟ್ಟಿದ್ದಾರೆ.

ಎಚ್ಚರದಿಂದಿರುವ
ನಿನ್ನ ತಮ್ಮ


ಜೂನ್ 27

ಪಂಡಿತನಿಗೆ,

ಕೆಮ್ಮಿನ ಔಷಧಿ ಭದ್ರವಾಗಿ ಇಟ್ಟುಕೊಳ್ಳಲು ಕೊಟ್ಟದ್ದಲ್ಲ, ಕುಡಿಯಲು.

ಲೋಕ ಕಟ್ಟಿದವನು ಕುರುಡ ಅಂತೀಯ. ಇರಬಹುದು. ನಮ್ಮ ಹೆರಿಗೆ ವಾರ್ಡಿನ ಅಷ್ಟೂ ಮಂಚಕ್ಕೆ ಒಂದೇ ಬಚ್ಚಲು ಕಟ್ಟಿದವನಿಗೆ ಕಣ್ಣು ಚೆನ್ನಾಗಿಯೇ ಇತ್ತು. ನೀನು ಹೇಳುವಂಥ ಸಿನಿಮಾ ನಾನೂ ಒಂದೆರಡು ನೋಡಿದ್ದೇನೆ. ಎಚ್ಚರಗೊಂಡ ಗಂಡಸು ಮೊದಲು ಓಡುತ್ತಾನೆ, ಆಮೇಲೆ ಏನನ್ನಾದರೂ ಸ್ಫೋಟಿಸುತ್ತಾನೆ. ಎಚ್ಚರಗೊಂಡು ತನ್ನ ತಟ್ಟೆ ತಾನೇ ತೊಳೆದವನನ್ನು ಇನ್ನೂ ಕಂಡಿಲ್ಲ.

ಮೈ ಒಂದು ಸೆರೆಮನೆ ಎಂದು ನಿನ್ನ ಕರಪತ್ರದಲ್ಲಿದೆ. (ಓದಿದ್ದೇನೆ ಕಣೋ. ಎರಡು ಸಲ.) ನಾನು ದಿನವೂ ಆ ಸೆರೆಮನೆಗಳನ್ನು ಈ ಕೈಯಲ್ಲಿ ಹಿಡಿದು ಹೊರಗೆ ತೆಗೆಯುತ್ತೇನೆ. ಒದ್ದೆ, ಬಿಸಿ, ಸಿಟ್ಟು. ಒಳಗೆ ಕಿಡಿ ಇದೆಯೋ ಇಲ್ಲವೋ ನೋಡಲು ನನಗೆ ಪುರುಸೊತ್ತಿಲ್ಲ, ಉಸಿರಿದೆಯೇ ಎಂದು ನೋಡುತ್ತೇನೆ.

ಆ ಹೊಲಿಗೆಯವಳ ರಕ್ತದೊತ್ತಡ ಯಾರು ನೋಡುತ್ತಾರೆ? ಮೊದಲ ಬಸಿರೇ? ಅವಳ ಮನೆಯವರು ಎಲ್ಲಿ? ಈ ಮೂರಕ್ಕೆ ಉತ್ತರ ಬರೆ, ಉಳಿದದ್ದು ಆಮೇಲೆ.

ನಿನ್ನ ಅಕ್ಕ


ಜುಲೈ 22

ಅಕ್ಕಾ,

ಮೊದಲ ಬಸಿರು. ಗಂಡ ಸರಕು ಹಡಗಿನಲ್ಲಿ ಅಡುಗೆಯವನು, ವರ್ಷದ ಕೊನೆಗೆ ಬರುತ್ತಾನೆ. ರಕ್ತದೊತ್ತಡ ನೋಡುವವರು ಇಲ್ಲಿ ಯಾರೂ ಇಲ್ಲ, ಆದರೆ ಅವಳು ಗಟ್ಟಿಮುಟ್ಟಾಗಿದ್ದಾಳೆ. ಹೊಲಿಗೆ ಯಂತ್ರದ ಪಕ್ಕದ ಗೋಡೆಯ ಮೇಲೆ ಪ್ರತಿ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಗೀರು ಎಳೆದು ತಿಂಗಳು ಲೆಕ್ಕ ಹಾಕುತ್ತಾಳೆ. ನನಗೂ ತಾರೀಖು ತಿಳಿಯುವುದು ಆ ಗೋಡೆಯಿಂದಲೇ.

ಇಲ್ಲಿ ಏನೋ ಆಗುತ್ತಿದೆ, ಅಕ್ಕ. ಮೊದಮೊದಲು ಜನ ಕ್ಯಾಮೆರಾ ಎಲ್ಲಿದೆ ಎಂದು ಹುಡುಕಿ ನಗುತ್ತಿದ್ದರು. ಈಗ ಮರೆತಿದ್ದಾರೆ. ಧ್ವನಿವರ್ಧಕ "ನನ್ನ ಹೊರತು ಇನ್ನಾರೂ ಇಲ್ಲ" ಎಂದಾಗ ಬ್ರೆಡ್ಡಿನ ಅಂಗಡಿಯ ಮುದುಕ ಟೋಪಿ ತೆಗೆಯುತ್ತಾನೆ. ಅವನಿಗೆ ಹಾಗೆ ಮಾಡಲು ಯಾರೂ ಹೇಳಿಲ್ಲ. ನಾನು ಬಾವಿಕಟ್ಟೆಯ ಮೇಲೆ ನಿಂತು "ನಾವು ಇಲ್ಲಿಯವರಲ್ಲ" ಎಂಬ ಮಾತು ಹೇಳಿಕೊಡುತ್ತೇನೆ. ಎಲ್ಲರೂ ತಿರುಗಿ ಹೇಳುತ್ತಾರೆ. ಹೊಲಿಗೆಯವಳು ಮಾತ್ರ ಮೊನ್ನೆ ಸೂಜಿಗೆ ದಾರ ಪೋಣಿಸುತ್ತಾ, "ನೀವು ಇಲ್ಲಿಯವರಲ್ಲ ಸರಿ ಸ್ವಾಮಿ, ನಾನು ಮಾತ್ರ ಇಲ್ಲಿಯವಳೇ. ಯಾಕಂದ್ರೆ ನನ್ನ ಚಪ್ಪಲಿ ಇಲ್ಲಿದೆ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಇಂಥ ನಗುವೇ ನಿದ್ದೆ, ಅಕ್ಕ. ಅವಳನ್ನು ಎಚ್ಚರಿಸುವುದು ಕಷ್ಟ, ಆದ್ದರಿಂದಲೇ ಅವಳನ್ನೇ ಮೊದಲು ಎಚ್ಚರಿಸಬೇಕು.

ಒಂದು ವಿಚಿತ್ರ: ಎಷ್ಟು ಮಲಗಿದರೂ ದಣಿವು. ಒಂದು ಹಗಲಿಗೆ ನಾಲ್ಕೈದು ಸಲ ಹಸಿವಾಗುತ್ತದೆ. ಮೈ ತನ್ನ ಹಟ ತೋರಿಸುತ್ತಿದೆ.

ನಿನ್ನ ತಮ್ಮ


ಸೆಪ್ಟೆಂಬರ್ 20

ಪಂಡಿತನಿಗೆ,

ನಿನ್ನ ಜುಲೈ ಪತ್ರ ಆಗಸ್ಟಿನಲ್ಲಿ ಬಂತು. ಅಂಚೆಯವರು ನಡೆದುಕೊಂಡು ತಂದರೇನೋ. ತಡ ನನ್ನದೂ ಇದೆ. ಇಬ್ಬರು ದಾದಿಯರು ರಜೆ ಹಾಕಿದ್ದರು, ಮಕ್ಕಳು ಮಾತ್ರ ರಜೆ ಹಾಕಲಿಲ್ಲ.

ಹೊಲಿಗೆಯವಳಿಗೆ ಈಗ ಆರು ತಿಂಗಳು ತುಂಬಿರಬೇಕು. ಡಿಸೆಂಬರ್ ನಡುವಿಗೆ ಹೆರಿಗೆ ಎಂದು ನನ್ನ ಅಂದಾಜು. ಪಾದ ಊದಿದೆಯೇ ನೋಡು. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಂತರೆ ನನಗೆ ತಕ್ಷಣ ಬರೆ. ಇದನ್ನು ನೋಡುವುದಕ್ಕೆ ಯಾವ ಅರಿವೂ ಬೇಡ, ಒಂದು ಹೆಬ್ಬೆರಳು ಸಾಕು.

ಅಕ್ಕ


ಸೆಪ್ಟೆಂಬರ್ 6

ಅಕ್ಕಾ,

ನಿನ್ನ ಪತ್ರ ಇಂದು ಕೈಸೇರಿತು. ಮೇಲೆ ಸೆಪ್ಟೆಂಬರ್ 20 ಎಂದು ಬರೆದಿದ್ದೀಯ! ಇನ್ನೂ ಬಾರದ ದಿನದಲ್ಲಿ ಕೂತು ಪತ್ರ ಬರೆಯುತ್ತೀಯ. ಅಷ್ಟು ಕೆಲಸ ಮೈಮೇಲೆ ಎಳೆದುಕೊಳ್ಳಬೇಡ, ಒಂದೆರಡು ದಿನ ಮಲಗು.

ಪಾದ ಊದಿದೆ. ಗುಳಿ ನಿಲ್ಲುತ್ತದೆ. ಅವಳೇ ಒತ್ತಿ ತೋರಿಸಿ, "ನೋಡಿ ಸ್ವಾಮಿ, ನಾನು ಜೇಡಿಮಣ್ಣು ಆಗ್ತಿದೀನಿ" ಎಂದು ನಕ್ಕಳು. ಹೊರಗೆ ಹೋಗಿ ಡಾಕ್ಟರಿಗೆ ತೋರಿಸಿ ಬರಲೇ ಎಂದು ಕೇಳಿದಳು. ಒಮ್ಮೆ ಹೊರಗಿನ ಬೆಳಕು ನೋಡಿ ಬಂದರೆ ಕಡೆಯ ದೃಶ್ಯದ ಅವಳ ಮುಖ ಸುಳ್ಳಾಗುತ್ತದೆ ಎಂದು ಯಜಮಾನರು ವಿವರಿಸಿದರು. ಅವಳಿಗೆ ಒಪ್ಪಿಗೆಯಾಗಲಿಲ್ಲ. ಅವಳನ್ನು ಒಪ್ಪಿಸುವ ಕೆಲಸ ನನಗೆ ಬಿತ್ತು. ನಾನು ಒಪ್ಪಿಸಿದೆ. ಹೇಗೂ ಅವಳ ಗೋಡೆಯ ಪ್ರಕಾರ ಇನ್ನೂ ಆರನೇ ತಿಂಗಳೇ ನಡೆಯುತ್ತಿದೆ.

ನಿನ್ನೆ ಯಜಮಾನರು, ಶೆಡ್ಡಿನ ಮೇಲಂತಸ್ತಿನಲ್ಲಿ ಕೂತು ನಮ್ಮನ್ನು ನೋಡುವ ತಮ್ಮ ಗಾಜಿನ ಕೋಣೆಯಿಂದ ಕೆಳಗಿಳಿದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಇದೇ ಆಕಾಶದ ಕೆಳಗೆ ಒಂದು ಮಗು ಹುಟ್ಟಿದ್ರೆ? ಬೇರೆ ಆಕಾಶ ಇದೆ ಅಂತಾನೇ ಗೊತ್ತಿಲ್ಲದ ಮಗು. ಬರೆದು ತೋರಿಸು" ಎಂದರು. ಗೊಂಬೆ ಇಟ್ಟು ತೆಗೆಯುವುದಕ್ಕೇ ಇರಬೇಕು. ಒಂದೇ ಪಟ್ಟಿಗೆ ಕೂತು ಬರೆದೆ. ನಾನು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿದೆ.

ನಿನ್ನ ತಮ್ಮ


ಅಕ್ಟೋಬರ್ 3

ತಮ್ಮಾ,

ಪಂಡಿತ ಎಂದು ಕರೆಯಲು ಇವತ್ತು ಮನಸ್ಸಿಲ್ಲ. ಗಮನವಿಟ್ಟು ಓದು.

ನಾನು ತಾರೀಖು ತಪ್ಪು ಬರೆದಿಲ್ಲ. ಇಲ್ಲಿ ಇವತ್ತು ಅಕ್ಟೋಬರ್ ಮೂರು. ವಾರ್ಡಿನ ಕ್ಯಾಲೆಂಡರ್, ಪತ್ರಿಕೆ, ಅಂಚೆ ಮುದ್ರೆ ಎಲ್ಲ ಅದನ್ನೇ ಹೇಳುತ್ತವೆ. ನಿನ್ನ ಪತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಪ್ರತಿ ಪತ್ರಕ್ಕೂ ನಿನ್ನ ತಾರೀಖು ಇನ್ನಷ್ಟು ಹಿಂದೆ ಬೀಳುತ್ತಿದೆ. ತಪ್ಪು ಅಂಚೆಯವರದಲ್ಲ. ಒಂದು ಹಗಲಿಗೆ ನಾಲ್ಕೈದು ಸಲ ಹಸಿವು, ಎಷ್ಟು ಮಲಗಿದರೂ ದಣಿವು ಎಂದು ಬರೆದಿದ್ದೆಯಲ್ಲ, ಆಗಲೇ ನನಗೆ ಹೊಳೆಯಬೇಕಿತ್ತು. ನಿಮ್ಮ ಸೂರ್ಯನನ್ನು ನಿಧಾನವಾಗಿ ಎಳೆಯುತ್ತಿದ್ದಾರೆ. ನಿಮ್ಮ ಹಗಲು ನಮ್ಮ ಹಗಲಿಗಿಂತ ಉದ್ದ.

ಹೊಲಿಗೆಯವಳ ಗೋಡೆಯನ್ನು ನಂಬಬೇಡ. ಅವಳ ಹೊಟ್ಟೆಯೊಳಗಿನ ಮಗು ದೀಪದಣ್ಣನ ದೀಪ ನೋಡಿ ಬೆಳೆಯುವುದಿಲ್ಲ. ಅವಳಿಗೆ ಏಳು ತಿಂಗಳು ಹತ್ತಿರ ಬಂತು. ನಿಮ್ಮ ನವೆಂಬರ್ ಮುಗಿಯುವಷ್ಟರಲ್ಲಿ ಇಲ್ಲಿ ಹೊಸ ವರ್ಷ ಬಂದಿರುತ್ತದೆ. ಅಂದರೆ ಹೆರಿಗೆ ಒಳಗೇ ಆಗುತ್ತದೆ. ಯಜಮಾನನಿಗೆ ಇದು ಗೊತ್ತು. ನಿನ್ನಿಂದ ಆ ದೃಶ್ಯ ಬರೆಸಿದ್ದು ಗೊಂಬೆಗಲ್ಲ.

ಕೀಲಿಕೈ ನಿನ್ನ ಕೊರಳಲ್ಲಿದೆ. ಅವಳನ್ನು ಹೊರಗೆ ಕಳಿಸು. ನೀನು ಬೇಕಾದರೆ ಅಲ್ಲೇ ಇರು.

ಅಕ್ಕ


ಅಕ್ಟೋಬರ್ 10

ಅಕ್ಕಾ,

ನಿನ್ನ ಪತ್ರ ಬಂದಾಗ ಲಕೋಟೆ ಒಡೆದಿತ್ತು. ಆಮೇಲೆ ಇನ್ನೂ ಬರೆದಿದ್ದರೆ ಅವು ನನಗೆ ಬಂದಿಲ್ಲ.

ನೀನು ಹೇಳಿದ್ದು ನಿಜ. ಏಣಿ ಹತ್ತಿ ದೀಪದಣ್ಣನನ್ನು ಕೇಳಿದೆ. ಅವನು ಮುಖ ತಿರುಗಿಸಿಕೊಂಡು, "ಮೇಲಿಂದ ಹೇಳ್ತಾರೆ, ನಾನು ಎಳೀತೀನಿ. ಸೂರ್ಯ ಅಂದ್ರೆ ನನ್ನ ಕೈಯಲ್ಲಿರೋ ಹಗ್ಗ ಕಣಪ್ಪಾ, ನಾನೇನು ದೇವರಾ?" ಎಂದ.

ಅಲ್ಲಿಂದ ನೇರವಾಗಿ ಯಜಮಾನರ ಗಾಜಿನ ಕೋಣೆಗೆ ನುಗ್ಗಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ನನ್ನ ಕರಪತ್ರವನ್ನೇ ತೆಗೆದು ಗೀಟು ಹಾಕಿದ ಸಾಲನ್ನು ಓದಿದರು. "ಲೋಕದ ಕರ್ತನು ಕಾಲವನ್ನು ನಿರ್ಮಿಸಿ ಅದರಲ್ಲಿ ಕಿಡಿಗಳನ್ನು ಮಲಗಿಸಿದನು." ಆಮೇಲೆ, "ಗಡಿಯಾರ ಕಿತ್ಕೊಳ್ಳಿ ಅಂದೋನು ನೀನು. ಮಲಗಿಸೋದು ಹೇಗೆ ಅಂತ ನಿನ್ನಿಂದಾನೇ ಕಲಿತೆ. ಮಲಗಿಸದೆ ಎಚ್ಚರಿಸೋದು ಹೇಗಪ್ಪಾ?" ಎಂದರು.

ನಾನು ಕೆಳಗಿಳಿದು ಬಂದೆ. ಮೂರು ದಿನ ಯೋಚಿಸಿದೆ. (ಯಾರ ಮೂರು ದಿನ ಎಂದು ನೀನು ಕೇಳಬಹುದು.) ಈಗ ನನಗೆ ಸ್ಪಷ್ಟವಾಗಿದೆ. ಇವತ್ತೇ ಬಾವಿಕಟ್ಟೆಯ ಮೇಲೆ ನಿಂತು ಸೂರ್ಯ ಸುಳ್ಳು ಎಂದು ಕೂಗಬಹುದು. ಜನ ಬೈದು ಮನೆಗೆ ಹೋಗುತ್ತಾರೆ, ಅಷ್ಟೇ. ಅದು ಬರೀ ಸುದ್ದಿ. ಬಾಗಿಲು ತೆರೆಯುವ ಕ್ಷಣದಲ್ಲಿ ಹೇಳಿದರೆ ಅದು ಅರಿವು. ಅಂಥ ಅರಿವನ್ನು ಜಗತ್ತೇ ನೋಡುತ್ತದೆ. ಕೆಲವು ವಾರ ಸುಮ್ಮನಿರುವುದು ಅದಕ್ಕೆ ಕೊಡುವ ಬೆಲೆ.

ಇನ್ನೊಂದು ವಿಷಯ ಕೇಳಿದರೆ ನೀನೂ ಬೆರಗಾಗುತ್ತೀಯ. ಹೊಲಿಗೆಯವಳು ಎಚ್ಚರಗೊಳ್ಳುತ್ತಿದ್ದಾಳೆ! ಎರಡು ದಿನದಿಂದ ತಲೆ ಸಿಡಿಯುತ್ತಿದೆ ಅನ್ನುತ್ತಿದ್ದಳು. ಇಂದು ಬಟ್ಟೆ ಕತ್ತರಿಸುತ್ತಿದ್ದವಳು ಕತ್ತರಿ ಕೆಳಗಿಟ್ಟು, ಕಣ್ಣಮುಂದೆ ಕಿಡಿಗಳು ಹಾರುತ್ತಿವೆ ಎಂದಳು. ಬಿಳಿ ಕಿಡಿಗಳು, ಕಣ್ಣು ಮುಚ್ಚಿದರೂ ಹೋಗುವುದಿಲ್ಲವಂತೆ. ಯಾರೂ ಹೇಳಿಕೊಟ್ಟದ್ದಲ್ಲ. ನಾನು ಎಲ್ಲರನ್ನೂ ಕರೆದು ತೋರಿಸಿದೆ. ಬ್ರೆಡ್ಡಿನ ಅಂಗಡಿಯ ಮುದುಕ ಅವಳ ಕಾಲ ಬಳಿ ಕೂತು ಅತ್ತ. ಚಪ್ಪಲಿಯ ಮಾತಾಡಿದ್ದವಳೇ ಮೊದಲು ಕಂಡಳಲ್ಲ, ಅಕ್ಕ!

ನಿನ್ನ ತಮ್ಮ


ನವೆಂಬರ್ 13, ನಡುಮಧ್ಯಾಹ್ನ

ತಮ್ಮಾ,

ಅದು ಕಿಡಿಯಲ್ಲ. ರಕ್ತದೊತ್ತಡ ಮಿತಿಮೀರಿ ಏರಿದಾಗ ಬಸುರಿಯರಿಗೆ ಕಣ್ಣಮುಂದೆ ಹಾಗೆ ಕಾಣುತ್ತದೆ. ಪಾದದ ಊತ, ತಲೆಸಿಡಿತ, ಆಮೇಲೆ ಕಿಡಿ. ಇದರ ನಂತರ ಬರುವುದು ಫಿಟ್ಸು. ಅದು ಬಂದರೆ ತಾಯಿ, ಮಗು ಇಬ್ಬರೂ ಉಳಿಯದಿರಬಹುದು. ಇಂಥವರನ್ನು ನಾನು ಕಂಡಿದ್ದೇನೆ.

ನಿನ್ನ ಪತ್ರ ನಿನ್ನೆ ಬಂತು. ನಾನೀಗ ನಿನ್ನ ಗೇಟಿನ ಹೊರಗೆ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಆಸ್ಪತ್ರೆಯ ವ್ಯಾನು ತಂದಿದ್ದೇನೆ, ಚಾಲಕ ಇಂಜಿನ್ ಆರಿಸಿಲ್ಲ. ಠಾಣೆಗೂ ಹೋಗಿ ಬಂದೆ. ಎಲ್ಲರೂ ಒಪ್ಪಿ ಸಹಿ ಮಾಡಿದ್ದಾರಲ್ಲಮ್ಮಾ, ಸಾಹೇಬರು ಬರಲಿ ನೋಡೋಣ ಎಂದರು. ಗೇಟಿನ ಕಾವಲು ತಾತನ ಬಳಿ ಅತ್ತೆ, ಕಾಲಿಗೂ ಬಿದ್ದೆ. "ನನ್ನತ್ರ ಕೀಲಿ ಇಲ್ಲ ತಾಯಿ. ಒಳಗೆ ಒಬ್ಬ ಹುಡುಗ ಇದಾನೆ, ಅವನ ಕೊರಳಲ್ಲಿದೆ. ಭಾರಿ ನಿಯತ್ತಿನವನು" ಎಂದ.

ಇಲ್ಲಿ ನೆತ್ತಿಯ ಮೇಲೆ ಸುಡುಬಿಸಿಲು. ನಿನ್ನಿಂದ ನೂರು ಹೆಜ್ಜೆ ದೂರದಲ್ಲಿ ಇದ್ದೇನೆ. ನಿನ್ನ ದೇವರು ಕುರುಡನೇ ಇರಲಿ, ನಿನ್ನ ಬೆಳಕು ನಿಜವೇ ಇರಲಿ, ನಾನು ವಾದ ಮಾಡುವುದಿಲ್ಲ, ಸೋತೆ ಎಂದು ಬೇಕಾದರೆ ಬರೆದುಕೊಡುತ್ತೇನೆ. ಬಾಗಿಲು ತೆಗೆ.

ಅಕ್ಕ


ಅಕ್ಟೋಬರ್ 13, ರಾತ್ರಿ

ಅಕ್ಕಾ,

ಕಿಂಡಿಯಿಂದ ಬಂದ ನಿನ್ನ ಚೀಟಿ ಓದಿದೆ. ನೀನು ಇಷ್ಟು ಹತ್ತಿರ ಇದ್ದೀಯ ಎಂದು ತಿಳಿದು ಕಣ್ಣು ತುಂಬಿತು.

ಓಡಿಹೋಗಿ ಯಜಮಾನರಿಗೆ ತೋರಿಸಿದೆ. ಅವರು ವಾದ ಮಾಡಲಿಲ್ಲ. "ನಿಮ್ಮಕ್ಕ ಹೇಳೋದು ಸರಿ, ತೆರೆದುಬಿಡೋಣ. ಆದರೆ ಈಗ ಕತ್ತಲೆ, ಮುಖಗಳು ಕಾಣಲ್ಲ. ಬೆಳಗಾದ ತಕ್ಷಣ ತೆರೀ. ಕಡೆಯ ದೃಶ್ಯ ನಾಳೆಗೇ ಇಟ್ಕೊಳ್ಳೋಣ. ಒಂದೇ ಒಂದು ಬೆಳಗು ಕೊಡು ನಂಗೆ" ಎಂದರು. ಅವರ ಕಣ್ಣಲ್ಲೂ ನೀರಿತ್ತು. ನಾನು ಮಾತು ಕೊಟ್ಟೆ. ನನ್ನ ಮಾತಿಗೆ ಒಂದು ಬೆಲೆ ಇರಬೇಕಲ್ಲ.

ಹೊಲಿಗೆಯವಳ ಬಗ್ಗೆ ಚಿಂತೆ ಬೇಡ. ಸ್ವಲ್ಪ ಹೊತ್ತಿನ ಹಿಂದೆ ಮೈಯೆಲ್ಲ ಬಿಗಿದು ನಡುಗಿದಳು. ಈಗ ಶಾಂತವಾಗಿ ಮಲಗಿದ್ದಾಳೆ. ಗೊರಕೆ ಬಾವಿಕಟ್ಟೆಯವರೆಗೂ ಕೇಳುತ್ತಿದೆ. ಕರೆದರೆ ಏಳುತ್ತಿಲ್ಲ, ಕೆನ್ನೆ ತಟ್ಟಿದರೂ ಏಳುತ್ತಿಲ್ಲ, ಅಷ್ಟು ಗಾಢ ನಿದ್ದೆ. ಎಲ್ಲರನ್ನೂ ಎಚ್ಚರಿಸುವವನು ನಾನು. ಇವಳೊಬ್ಬಳನ್ನು ಬೆಳಗಿನವರೆಗೆ ಮಲಗಲು ಬಿಟ್ಟಿದ್ದೇನೆ.

ಬಾಗಿಲ ಕಡೆಯಿಂದ ಬಡಿಯುವ ಸದ್ದು ಕೇಳುತ್ತಿದೆ. ನೀನೇ ಇರಬೇಕು. ಜನ ಮನೆಗಳಿಂದ ಹೊರಬಂದು ಬೀದಿಯಲ್ಲಿ ಸುಮ್ಮನೆ ಕೂತು ಆಲಿಸುತ್ತಿದ್ದಾರೆ. ಆಚೆಯಿಂದ ಕರೆ ಬರುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದೆ.

ಕೀಲಿಕೈ ಕೈಯಲ್ಲೇ ಹಿಡಿದುಕೊಂಡಿದ್ದೇನೆ, ಅಕ್ಕ. ಬೆಳಗಾದ ತಕ್ಷಣ. ದೀಪದಣ್ಣ ಯಾಕೋ ಇನ್ನೂ ಮೇಲೆ ಹತ್ತಿಲ್ಲ.

ನಿನ್ನ ತಮ್ಮ


ಡಿಸೆಂಬರ್ 6

ತಮ್ಮಾ,

ತಾರೀಖು ಮೇಲಿದೆ. ಈ ಒಂದನ್ನಾದರೂ ನಂಬು.

ನಡೆದದ್ದು ನಿನಗೂ ಗೊತ್ತು. ಆದರೆ ನೀನು ಯಾವುದನ್ನು ಕಂಡೆಯೋ ನನಗೆ ತಿಳಿಯದು, ಅದಕ್ಕೇ ಬರೆಯುತ್ತೇನೆ. ವ್ಯಾನಿನ ಚಾಲಕ ಕೊನೆಗೆ ತಾಳ್ಮೆಗೆಟ್ಟು ಗಾಡಿಯನ್ನು ಹಿಂದಕ್ಕೆ ಓಡಿಸಿ ಬಾಗಿಲಿಗೆ ಗುದ್ದಿದ. ಮೂರನೇ ಗುದ್ದಿಗೆ ಬಾಗಿಲು ಬಿತ್ತು. ನಾನು ಚೀಲ ಹಿಡಿದು ಆ ಕತ್ತಲಿಗೆ ನುಗ್ಗಿದಾಗ ನಿನ್ನ ಜನವೆಲ್ಲ ಎದ್ದು ನಿಂತು, ನನ್ನ ಹಿಂದಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, "ನಾವು ಇಲ್ಲಿಯವರಲ್ಲ" ಎಂದು ಒಕ್ಕೊರಲಿನಿಂದ ಹೇಳಿದರು. ಕ್ಯಾಮೆರಾಗಳು ಓಡುತ್ತಿದ್ದವಂತೆ. ಆ ದೃಶ್ಯ ಬಹಳ ಚೆನ್ನಾಗಿ ಬಂದಿದೆಯಂತೆ. ಅದನ್ನು ತೋರಿಸಲು ಅನುಮತಿ ಕೇಳಿ ನಿನ್ನ ಯಜಮಾನ ಆಸ್ಪತ್ರೆಗೆ ಹೂಗುಚ್ಛ ಕಳಿಸಿದ್ದ. ಹೂವನ್ನು ವಾರ್ಡಿನ ಹೆಂಗಸರಿಗೆ ಹಂಚಿದೆ, ಕಾಗದವನ್ನು ಹರಿದೆ. ಅವನು ಬೇರೆ ಕಡೆ ಇನ್ನೂ ದೊಡ್ಡ ಆಕಾಶ ಕಟ್ಟಿಸುತ್ತಿದ್ದಾನೆ ಎಂದು ದೀಪದಣ್ಣ ಹೇಳಿದ. ದೀಪದಣ್ಣ ಅಲ್ಲಿಗೆ ಹೋಗುವುದಿಲ್ಲವಂತೆ.

ಮಗು ಬದುಕಿದೆ. ಹೆಣ್ಣು, ಅಂಗೈಯಷ್ಟು. ಗಾಜಿನ ಪೆಟ್ಟಿಗೆಯಲ್ಲಿದೆ, ದಿನದಿನಕ್ಕೂ ಅಳು ಜೋರಾಗುತ್ತಿದೆ. ಹೊಲಿಗೆಯವಳೂ ಬದುಕಿದ್ದಾಳೆ. ಆದರೆ ಕಣ್ಣು ಕಾಣಿಸುತ್ತಿಲ್ಲ. ಮರಳಬಹುದು, ಮರಳದೆಯೂ ಇರಬಹುದು ಎಂದು ದೊಡ್ಡ ಡಾಕ್ಟರು ಹೇಳುತ್ತಾರೆ. ಮಗುವನ್ನು ಅವಳ ಎದೆಯ ಮೇಲೆ ಇಟ್ಟಾಗ ಬೆರಳಿನಿಂದ ಮೂಗು, ಕಿವಿ, ಉಗುರು ಎಲ್ಲ ಮುಟ್ಟಿ ನೋಡಿ, "ಹೊಲಿಗೆ ಗಟ್ಟಿಯಾಗಿದೆ" ಎಂದಳು. ನಿನ್ನ ಬಗ್ಗೆ ಒಂದು ಮಾತೂ ಆಡಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಪ್ರತಿ ಸಲ ನನ್ನ ಹೆಜ್ಜೆಯ ಸದ್ದು ಕೇಳಿದಾಗಲೂ ಒಂದೇ ಪ್ರಶ್ನೆ: "ಬೆಳಗಾಯ್ತಾ ಅಕ್ಕಾ?"

ಆ ದಿನ ಎಲ್ಲರೂ ಹೊರಗೆ ಬಂದರು, ಬ್ರೆಡ್ಡಿನ ಅಂಗಡಿಯ ಮುದುಕನನ್ನು ಹೆಗಲು ಕೊಟ್ಟು ಕರೆತರಬೇಕಾಯಿತು. ನೀನೊಬ್ಬ ಬಾವಿಕಟ್ಟೆಯ ಬಳಿ ಕೀಲಿಕೈ ಹಿಡಿದು ನಿಂತೇ ಇದ್ದೆ. ನಾನು ಕೈ ಹಿಡಿದು ಎಳೆದೆ. ನೀನು, "ಇನ್ನೂ ಬೆಳಗಾಗಿಲ್ಲ ಅಕ್ಕಾ, ಮಾತು ಕೊಟ್ಟಿದೀನಿ" ಎಂದೆ. ನನ್ನ ಇನ್ನೊಂದು ಕೈಯಲ್ಲಿ ಅವಳ ನಾಡಿ ಇತ್ತು. ನಿನ್ನ ಕೈ ಬಿಟ್ಟೆ.

ನೀನು ಈಗಲೂ ಅಲ್ಲೇ ಇದ್ದೀಯ ಎಂದು ಗೇಟಿನ ತಾತ ಹೇಳುತ್ತಾನೆ. ಕಿಂಡಿಯಲ್ಲಿ ಇಟ್ಟ ಊಟ ಖಾಲಿಯಾಗುತ್ತದಂತೆ. ದೀಪಗಳನ್ನು ಕಳಚಿಕೊಂಡು ಹೋಗಿದ್ದಾರೆ. ಆ ಬೀದಿಯಲ್ಲಿ ನಿನ್ನ ದನಿ ಕೇಳುತ್ತದೆ, ಯಾರಿಗೋ ಪಾಠ ಹೇಳಿಕೊಟ್ಟಂತೆ. ತಾತ ಒಳಗೆ ಹೋಗಿ ನೋಡಲು ಹೆದರುತ್ತಾನೆ. ನಾನೂ ಎರಡು ಸಲ ಬಂದು ಬಿದ್ದ ಬಾಗಿಲ ಬಳಿ ನಿಂತು ಕೂಗಿದೆ. ಮಾತು ನಿಂತಿತು. ನೀನು ಹೊರಗೆ ಬರಲಿಲ್ಲ.

ಭಾನುವಾರ ಮತ್ತೆ ಬರುತ್ತೇನೆ, ಈ ಸಲ ಒಳಗೇ ಬರುತ್ತೇನೆ. ಅಷ್ಟರೊಳಗೆ ನೀನೇ ಬಂದರೆ ಒಳ್ಳೆಯದು. ಅವಳಿಗೆ ದಿನವೂ ಹೇಳುವುದನ್ನೇ ನಿನಗೂ ಹೇಳುತ್ತೇನೆ. ಅವಳು ನಂಬುವುದಿಲ್ಲ, ತಲೆದಿಂಬಿನ ಮೇಲೆ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ ಬಿಸಿ ತಾಗುತ್ತದೆಯೇ ಎಂದು ನೋಡುತ್ತಾಳೆ.

ಬೆಳಗಾಗಿದೆ ಕಣೋ. ಬಾಗಿಲೇ ಇಲ್ಲ ಈಗ.

ನಿನ್ನ ಅಕ್ಕ